1971 ಕಮಾರೊ ಸ್ಪ್ಲಿಟ್ ಬಂಪರ್: ಅಸಲಿ ಆರ್‌ಎಸ್ಸೋ, ಆಮೇಲೆ ಕೂರಿಸಿದ್ದೋ? ಹೇಗೆ ಪತ್ತೆ ಮಾಡೋದು?

ನೋವೈ ಗ್ಯಾರೇಜ್:
ಎಲ್ಲರಿಗೂ ನಮಸ್ಕಾರ. ಹಳೇ ಕಾರಿನ ಹುಚ್ಚು ಇರೋರು ಸ್ವಲ್ಪ ಸಹಾಯ ಮಾಡಿ.

ಇಲ್ಲಿ ಅಮೆರಿಕದಲ್ಲಿ ಫ್ಲಿಂಟ್ ಹತ್ರ ಒಂದು 1971 ಶೆವರ್ಲೆ ಕಮಾರೊ ಕಾರು ನೋಡಿ ಬಂದೆ. ಮುಂದೆ ಸ್ಪ್ಲಿಟ್ ಬಂಪರ್. ಅಂದ್ರೆ ಗ್ರಿಲ್ಲಿನ ಎರಡೂ ಪಕ್ಕ ಪುಟ್ಟ ಪುಟ್ಟ ಕ್ರೋಮ್ ತುಂಡು, ಮಧ್ಯೆ ಅಡ್ಡಪಟ್ಟಿ ಇಲ್ಲ, ಹೆಡ್‌ಲೈಟ್ ಪಕ್ಕದಲ್ಲಿ ದುಂಡನೆಯ ಪಾರ್ಕಿಂಗ್ ಲೈಟ್. ಮಾರೋ ಮನುಷ್ಯ "ಫ್ಯಾಕ್ಟರಿಯಿಂದಲೇ ರ್‍ಯಾಲಿ ಸ್ಪೋರ್ಟ್", ಅಂದ್ರೆ ಆರ್‌ಎಸ್, ಅಂತಾನೆ, ಬೆಲೆನೂ ಅದಕ್ಕೆ ತಕ್ಕ ಹಾಗೆ ಏರಿಸಿದಾನೆ. ಕಾಗದ ಕೇಳಿದ್ರೆ ಟೈಟಲ್ (ಮಾಲೀಕತ್ವದ ಪತ್ರ) ಒಂದು ಬಿಟ್ಟು ಏನೂ ಇಲ್ಲ. ವಿಐಎನ್‌ನಲ್ಲಿ (ಕಾರಿನ ಗುರುತಿನ ನಂಬರ್) ಎನ್ ಅಕ್ಷರ ಇದೆ, ಹಾಗಾಗಿ ನಾರ್‌ವುಡ್ ಕಾರ್ಖಾನೆದು ಅಂತ ಗೊತ್ತಾಯ್ತು. ಅಷ್ಟೇ.

ನನಗೆ ಅನುಮಾನ ಬಂದಿದ್ದು ಬಂಪರ್ ಹೊಳಪು ನೋಡಿ. ಎಡಗಡೆ ತುಂಡು ತಣ್ಣಗೆ ನೀಲಿ ಛಾಯೆ ಹೊಡೆಯುತ್ತೆ, ಬಲಗಡೆದು ಸ್ವಲ್ಪ ಹಳದಿ. ಹಿಂದಿನ ಬಂಪರ್ ಕೆಳಗಡೆ ತುಕ್ಕು ಗುಳ್ಳೆ. ಬರೀ ಬಂಪರ್ ನೋಡಿ ಅಸಲಿ ಆರ್‌ಎಸ್ ಅಂತ ಹೇಳಬಹುದಾ? ಶನಿವಾರ ಮತ್ತೆ ಹೋಗ್ತಿದೀನಿ. ಏನೇನು ನೋಡಬೇಕು ಹೇಳಿ.

ಮಂಡ್ಯ ವಿ8:
ಕಾಗದ ಇಲ್ಲ ಅಂದ್ರೆ ಆರ್‌ಎಸ್ಸೂ ಇಲ್ಲ. ಮುಗೀತು ಕಣಣ್ಣ. ಮುಂದಿನ ಕಾರ್ ನೋಡು.

ಕ್ರೋಮ್ ಭಟ್ಟ:
ಅಷ್ಟು ಬೇಗ ತೀರ್ಪು ಕೊಡಬೇಡಿ. ಐವತ್ತು ವರ್ಷ ದಾಟಿದ ಕಾರಿಗೆ ಕಾಗದ ಉಳಿದಿರೋದೇ ಅಪರೂಪ.

ಮೊದಲು ಹಿನ್ನೆಲೆ. ಎರಡನೇ ತಲೆಮಾರಿನ ಕಮಾರೊ 1970ರ ಫೆಬ್ರವರಿಯಲ್ಲಿ ಬಂತು, ಅದಕ್ಕೇ ಎಲ್ರೂ 1970½ ಅನ್ನೋದು. ಆಗಿಂದ 1973ರವರೆಗೆ ಎರಡು ಮುಖ. ಮಾಮೂಲಿ ಕಾರಿಗೆ ಇಡೀ ಅಗಲದ ಒಂದೇ ಬಂಪರ್, ಪಾರ್ಕಿಂಗ್ ಲೈಟ್ ಬಂಪರ್ ಕೆಳಗಿನ ತಗಡು ವೇಲೆನ್ಸ್‌ನಲ್ಲಿ. ಆರ್‌ಎಸ್ ತಗೊಂಡೋರಿಗೆ, ಆರ್ಡರ್ ಕೋಡ್ ಝೀ22, ನೀವು ನೋಡಿದ ಸ್ಪ್ಲಿಟ್ ಮೂತಿ. ಮಧ್ಯದ ಗ್ರಿಲ್ ಚೌಕಟ್ಟು ಕಾರಿನದೇ ಬಣ್ಣದ ಮೆತ್ತನೆ ಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್). ಎಸ್‌ಎಸ್, ಝೀ28 ಇವೆಲ್ಲ ಬೇರೆ ಪ್ಯಾಕೇಜು. ಝೀ28 ಆಗಿದ್ದೂ ಇಡೀ ಬಂಪರ್ ಇರೋ ಕಾರು ಬೇಕಾದಷ್ಟಿವೆ, ಬರೀ ಸಾದಾ ಇಂಜಿನ್ನಿಗೆ ಆರ್‌ಎಸ್ ಮೂತಿ ಹಾಕಿಸಿಕೊಂಡವರೂ ಇದ್ದಾರೆ.

ತೊಂದರೆ ಏನಂದ್ರೆ ವಿಐಎನ್‌ನಲ್ಲಿ ಆರ್‌ಎಸ್ ಬರೆದಿರಲ್ಲ. ಬಿಲ್ಡ್ ಶೀಟ್, ಅಂದ್ರೆ ಕಾರಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯಲ್ಲಿ ಬರೆದ ಹಾಳೆ, ಸಿಕ್ಕರೆ ಪುಣ್ಯ. ಪೆಟ್ರೋಲ್ ಟ್ಯಾಂಕ್ ಮೇಲೆ, ಸೀಟಿನ ಸ್ಪ್ರಿಂಗ್ ಒಳಗೆ ಸಿಕ್ಕಿಕೊಂಡಿರೋದು ಉಂಟು. ಅದರಲ್ಲಿ ಝೀ22 ಹುಡುಕಿ. ಕೆನಡಾದಲ್ಲಿ ಮಾರಾಟವಾದ ಕಾರಾದ್ರೆ ಶೆವರ್ಲೆಯ ಮೂಲ ಕಂಪನಿ ಜಿಎಂನ ಕೆನಡಾದವರು ದಾಖಲೆ ತೆಗೆದು ಕೊಡ್ತಾರೆ. ಅಮೆರಿಕದಲ್ಲಿ ಮಾರಿದ ಶೆವರ್ಲೆಗೆ ಆ ಭಾಗ್ಯ ಇಲ್ಲ.

ಮಸ್ಟಾಂಗ್ ಮಾವ:
ಅದಕ್ಕೇ ಹೇಳೋದು ಫೋರ್ಡ್ ತಗೊಳ್ಳಿ ಅಂತ 😀 ವಿಐಎನ್ ಕೊಟ್ರೆ ಮಾರ್ಟಿ ರಿಪೋರ್ಟ್ ಬರುತ್ತೆ, 1967ರಿಂದ ಈಚೆಗಿನ ಕಾರಿಗೆ ಯಾವ ಆಪ್ಷನ್ ಇತ್ತು ಅಂತ ಪೂರ್ತಿ ಪಟ್ಟಿ. ವಾದವೇ ಇಲ್ಲ.

ಮಂಡ್ಯ ವಿ8:
ಶುರುವಾಯ್ತು ನೋಡಪ್ಪ ಮಾವಂದು.

ಧಾರವಾಡ ಡಾಜ್:
ಮಾವಾರ, ನಮ್ಮ ಮೋಪಾರ್‌ನ್ಯಾಗ (ಡಾಜ್, ಪ್ಲಿಮತ್ ಕಾರು) ರಿಪೋರ್ಟಿಗೆ ರೊಕ್ಕಾನೂ ಕೊಡಬೇಕಾಗಿಲ್ರಿ. ಬಾನೆಟ್ ಎತ್ತಿದ್ರ ಫೆಂಡರ್ ಟ್ಯಾಗ್ ಅಂತ ಆಪ್ಷನ್ ಕೋಡ್ ಒತ್ತಿದ ತಗಡ ಅದ. ಅದರ ಮ್ಯಾಲೆ ಎ21 ಅಂತ ಇದ್ರ ಕಾರಿನ ಬಣ್ಣದ್ದ ಎಲಾಸ್ಟೊಮೆರಿಕ್ (ರಬ್ಬರಿನಂಥಾ) ಮುಂದಿನ ಬಂಪರ್. ಎ22 ಇದ್ರ ಮುಂದೂ ಹಿಂದೂ ಎರಡೂ. 1970ರ ಪ್ಲಿಮತ್ ಬಾರಕುಡಾದಾಗ ಅದು ಬಂತು. ಟ್ಯಾಗ್ ಇದ್ದು, ಕಾರಿಗೆ ಕ್ರೋಮ್ ಬಂಪರ್ ಕೂತಿದ್ರ ಯಾರೋ ಬದಲಿ ಮಾಡ್ಯಾರ ಅಂತ ತಿಳ್ಕೊಬೇಕು.

ನೋವೈ ಗ್ಯಾರೇಜ್:
ಎಲ್ಲ ಸರಿ, ಆದ್ರೆ ನಾನು ನೋಡ್ತಿರೋದು ಕಮಾರೊ 🙏 ಕಾರಿನ ಮೇಲೆ ಕೈಯಿಟ್ಟು ಏನು ನೋಡಲಿ ಹೇಳಿ.

ಕುಡ್ಲ ಕಾರ್ಬ್ಯುರೇಟರ್:
ನಾನು ಒಮ್ಮೆ ಇದೇ ಕೆಲಸ ಮಾಡಿದ್ದೇನೆ ಮಾರಾಯ್ರೆ, ಸಾದಾ 1972ಕ್ಕೆ ಆರ್‌ಎಸ್ ಮೂತಿ ಕೂರಿಸಿದ್ದು, ನನ್ನದೇ ಕಾರಿಗೆ, ಯಾರಿಗೂ ಸುಳ್ಳು ಹೇಳಿ ಮಾರಲಿಕ್ಕೆ ಅಲ್ಲ. ಹಾಗಾಗಿ ಕಳ್ಳ ಎಲ್ಲೆಲ್ಲಿ ಅಡಗಿರ್ತಾನೆ ಅಂತ ಗೊತ್ತುಂಟು.

ಎದುರಿಂದ ನೋಡಿದ್ರೆ ಎಂತದೂ ಗೊತ್ತಾಗುವುದಿಲ್ಲ. ಮೂತಿ ಪೂರ್ತಿ ಬೋಲ್ಟಲ್ಲಿ ನಿಂತದ್ದು. ಬಿಚ್ಚಿ, ಕೂರಿಸಿ, ಬಣ್ಣ ಹೊಡೆದ್ರೆ ಆಯ್ತು. ನೀವು ನೋಡ್ಬೇಕಾದ್ದು ಹಿಂದಿನಿಂದ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ರೇಡಿಯೇಟರ್ ಮುಂದಿನ ಸಂದಿಯಿಂದ ಕೆಳಗೆ ನೋಡಿ.

ಮೊದಲು ವಯರಿಂಗ್. ಸಾದಾ ಕಾರಲ್ಲಿ ಪಾರ್ಕಿಂಗ್ ಲೈಟಿನ ವಯರು ಕೆಳಗೆ ವೇಲೆನ್ಸಿಗೆ ಇಳಿಯುತ್ತದೆ, ಆರ್‌ಎಸ್ಸಲ್ಲಿ ಹೆಡ್‌ಲೈಟ್ ಪಕ್ಕಕ್ಕೆ ಬರುತ್ತದೆ. ಹಾರ್ನೆಸ್ಸೇ (ವಯರಿನ ಗೊಂಚಲು) ಬೇರೆ. ಆದ್ರೆ ಮೂತಿ ಬದಲಿಸುವವರು ಹಾರ್ನೆಸ್ ಬದಲಿಸುವುದಿಲ್ಲ, ಹಳೇ ವಯರು ಕತ್ತರಿಸಿ ಜೋಡಿಸಿ ಮೇಲೆ ಎಳೆಯುತ್ತಾರೆ. ಕಪ್ಪು ಟೇಪು ಸುತ್ತಿದ ಗಂಟು ಅಥವಾ ನೀಲಿ ಕ್ರಿಂಪ್ ಕನೆಕ್ಟರ್ ಕಂಡ್ರೆ ಅಲ್ಲಿಗೆ ಅರ್ಧ ಕತೆ ಮುಗಿಯಿತು. ಆಮೇಲೆ ಬ್ರಾಕೆಟ್. ಸ್ಪ್ಲಿಟ್ ಬಂಪರ್ ಬ್ರಾಕೆಟ್ಟೇ ಬೇರೆ, ಇಡೀ ಬಂಪರ್ ಬ್ರಾಕೆಟ್ಟೇ ಬೇರೆ. ಕಾರಿನ ಸಬ್‌ಫ್ರೇಮ್ (ಮುಂಭಾಗ ಹೊರುವ ಉಕ್ಕಿನ ಚೌಕಟ್ಟು) ತುದಿ ಪೂರಾ ಹಳೇ ಜಿಡ್ಡು ಮಣ್ಣು ಹಿಡಿದು, ಬ್ರಾಕೆಟ್ ಮಾತ್ರ ಮದುವೆ ಮನೆ ಪಾತ್ರೆ ಥರ ಫಳಫಳ ಅಂದ್ರೆ ಕೇಳಿ, ಇದೆಲ್ಲಿಂದ ಬಂತು ಅಂತ.

ಇನ್ನು ಬಣ್ಣ. ಮೂತಿಯ ಒಳಮೈ ನೋಡಿ. ಬೇರೆ ಕಾರಿಂದ ಕಿತ್ತದ್ದಾದ್ರೆ ಆ ಕಾರಿನ ಬಣ್ಣ ಒಳಗೆ ಉಳಿದಿರ್ತದೆ. ಹೊರಗೆ ಹೊಡೆಯುವವ ಒಳಗೆ ಹೊಡೆಯುವುದಿಲ್ಲ, ಸೋಮಾರಿ.

ಕ್ರೋಮ್ ಭಟ್ಟ:
ಒಳ್ಳೇ ಮಾತು. ಇನ್ನೊಂದು ಸೇರಿಸ್ತೀನಿ: ವೈಪರ್. ಆರ್‌ಎಸ್ ಜೊತೆ ಬಾನೆಟ್ ಅಂಚಿನ ಕೆಳಗೆ ಅಡಗೋ ವೈಪರ್ ಬರ್ತಿತ್ತು. ನಿಮ್ಮ ಕಾರಲ್ಲಿ ವೈಪರ್ ಗಾಜಿನ ಮೇಲೆ ಬಹಿರಂಗವಾಗಿ ಮಲಗಿದ್ರೆ ಅನುಮಾನ ಪಡಿ. ಅಡಗಿದ್ರೆ ಮಾತ್ರ ಆರ್‌ಎಸ್ ಅಂತ ಸಾಬೀತಾಗಲ್ಲ, ಬೇರೆ ಪ್ಯಾಕೇಜ್ ಜೊತೆಗೂ ಅದು ಬರ್ತಿತ್ತು.

ಸುಮ್ನೆ ಓದೋನು:
ಹಿಂದಿನ ಬಂಪರ್ ನೋಡಿ ಹೇಳೋಕಾಗಲ್ವಾ?

ಕ್ರೋಮ್ ಭಟ್ಟ:
ಇಲ್ಲ. ಆರ್‌ಎಸ್ಸಿಗೂ ಸಾದಾಕ್ಕೂ ಹಿಂದಿನದು ಒಂದೇ.

ಬೇ ಏರಿಯಾ ಅಕ್ಕ:
ಹೊಳಪಿನ ವಿಷಯ ಯಾರೂ ಮುಟ್ಟಲಿಲ್ಲ, ಅದು ನನ್ನ ಕ್ಷೇತ್ರ. ನಾನು ಲೋಹ ಲೇಪನದಲ್ಲೇ ಕೆಲಸ ಮಾಡೋದು.

ಬಂಪರಿನ ಹೊಳಪು ಅಂತ ನಾವು ನೋಡೋದು ಹೆಚ್ಚಾಗಿ ನಿಕಲ್. ಒಳ್ಳೇ ಪ್ಲೇಟಿಂಗ್‌ನಲ್ಲಿ ಉಕ್ಕಿನ ಮೇಲೆ ತಾಮ್ರ, ತಾಮ್ರದ ಮೇಲೆ ನಿಕಲ್, ಕೊನೆಗೆ ಕ್ರೋಮ್. ಆ ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ಇರಲ್ಲ. ನಿಕಲ್ ಅದರ ಹತ್ತಾರು ಪಟ್ಟು ದಪ್ಪ. ನಿಕಲ್‌ಗೆ ತಾನಾಗೇ ಒಂಚೂರು ಹಳದಿ ಛಾಯೆ ಇರುತ್ತೆ, ಮೇಲಿನ ಕ್ರೋಮ್ ಅದಕ್ಕೆ ನೀಲಿ ಛಾಯೆ ಕೊಡುತ್ತೆ. ಹಾಗಾಗಿ ಬಲಗಡೆ ತುಂಡು ಹಳದಿ ಕಾಣ್ತಿದೆ ಅಂದ್ರೆ ವರ್ಷಗಟ್ಟಲೆ ಯಾರೋ ಪಾಲಿಶ್ ಪೇಸ್ಟ್ ಹಾಕಿ ತಿಕ್ಕಿ ಮೇಲಿನ ಕ್ರೋಮ್ ಸವೆಸಿರಬಹುದು. ಅಂದ್ರೆ ಅದು ಹಳೇದು. ನೀಲಿ ಇರೋದು ಹೊಸ ರೀಪ್ರೊ (ಹಳೇದರ ಹಾಗೇ ಈಗ ಮಾಡಿದ ನಕಲು), ಅಥವಾ ಇತ್ತೀಚೆಗೆ ಮತ್ತೆ ಕ್ರೋಮ್ ಮಾಡಿಸಿದ್ದು.

ಎರಡರ ಬಣ್ಣ ಬೇರೆ ಅನ್ನೋದರಿಂದ ಕಾರು ನಕಲಿ ಅಂತ ಆಗಲ್ಲ. ಒಂದು ಮೂಲೆ ಎಲ್ಲೋ ಗುದ್ದಿಸಿ ಒಂದು ತುಂಡು ಬದಲಿಸಿರ್ತಾರೆ. ಸ್ಪ್ಲಿಟ್ ಬಂಪರಿನ ಒಂದು ಅನುಕೂಲ ಅದು, ಒಂದೇ ಪಕ್ಕ ಬದಲಿಸಬಹುದು.

ಧಾರವಾಡ ಡಾಜ್:
ಅಕ್ಕಾರ, ರೀಪ್ರೊ ಮತ್ತ ಅಸಲಿ ನಡುವ ಫರಕ್ ಹೆಂಗ ಗುರ್ತಾ ಹಿಡಿಯೋದು? ಕಣ್ಣಿಗೆ ಎರಡೂ ಒಂದ ಥರ ಕಾಣ್ತಾವ.

ಬೇ ಏರಿಯಾ ಅಕ್ಕ:
ಬಂಪರಿನ ಬೆನ್ನು ನೋಡಿ ಅಣ್ಣ. ರೀಪ್ರೊಗಳಲ್ಲಿ ಬಹಳಷ್ಟು ತೆಳು ತಗಡಿನವು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಂಚಿನಲ್ಲಿ ದಪ್ಪ ಅಳೆದು, ಅಸಲಿ ಅಂತ ಗೊತ್ತಿರೋ ಇನ್ನೊಂದರ ಜೊತೆ ಹೋಲಿಸಿ. ಮಡಿಕೆಯ ಗೆರೆಗಳೂ ಅಸಲಿಯಲ್ಲಿ ಚೂಪು, ರೀಪ್ರೊದಲ್ಲಿ ಮೊಂಡು. ಆಮೇಲೆ ಹಳೇ ಬಂಪರಿನ ಬೆನ್ನಿನಲ್ಲಿ ಕಲ್ಲೇಟಿನ ಚುಕ್ಕೆ, ಬ್ರಾಕೆಟ್ ಒತ್ತಿ ಕೂತ ಗುರುತು, ಬೋಲ್ಟಿನ ಚೌಕ ತೂತಿನ ಸುತ್ತ ತುಕ್ಕಿನ ಉಂಗುರ ಇರುತ್ತೆ. ಇದನ್ನು ಸುಳ್ಳಾಗಿ ಮಾಡೋ ಕಷ್ಟಕ್ಕೆ ಯಾರೂ ಹೋಗಲ್ಲ.

ಮಂಡ್ಯ ವಿ8:
ಅಕ್ಕ, ಕ್ಯಾಲಿಪರ್ ಇಡ್ಕೊಂಡ್ ಓದ್ರೆ ಮಾರೋನು ಓಡ್ಸಾನೆ 😂 ಒಂದ್ ಮ್ಯಾಗ್ನೆಟ್ ಜೇಬ್ಗಾಕ್ಕೊಂಡ್ ಓಗಿ ಸಾಕು. 1974ರಿಂದ ಕಮಾರೊಗೆ ಅಲ್ಯೂಮಿನಿಯಂ ಬಂಪರ್ ಬಂತು, ಮ್ಯಾಗ್ನೆಟ್ ಇಡ್ಯಲ್ಲ. 73ರ ತಂಕ ಉಕ್ಕು, ಗಪ್ಪಂತ ಅಂಟ್ಕತದೆ. ಸಂತೆಲಿ ರಾಶಿ ಬಂಪರ್ ಬಿದ್ದಿರೋವಾಗ ಇದು ಬಾಳ ಉಪಯೋಗ. ಪೊಮೋನ ಸ್ವಾಪ್ ಮೀಟಲ್ಲಿ ಒಬ್ಬ 74ರದ್ನ 73 ಅಂತ ಮಾರಕ್ ಬಂದಿದ್ದ ನಂಗೆ.

ಕ್ರೋಮ್ ಭಟ್ಟ:
74ರದು ಆಕಾರದಲ್ಲೇ ಬೇರೆ ಅಲ್ವಾ ವಿ8? ಮುಂದಕ್ಕೆ ಚಾಚಿಕೊಂಡಿರುತ್ತೆ. ದೂರದಿಂದಲೇ ಗೊತ್ತಾಗುತ್ತೆ.

ಮಂಡ್ಯ ವಿ8:
ಕಾರ್‌ಗಾಕಿದ್ರೆ ಗೊತ್ತಾಯ್ತದೆ ಭಟ್ರೆ. ಹುಲ್ ಮ್ಯಾಲೆ ಬಿದ್ದಿದ್ರೆ ಎಲ್ಲ ಒಂದೇ.

ಸುಮ್ನೆ ಓದೋನು:
74ರಲ್ಲಿ ಯಾಕೆ ಬದಲಾಯ್ತು?

ಕ್ರೋಮ್ ಭಟ್ಟ:
ಸರ್ಕಾರದ ಬಂಪರ್ ಕಾನೂನು. ಸ್ಟ್ಯಾಂಡರ್ಡ್ 215 ಅಂತ. 1972ರ ಸೆಪ್ಟೆಂಬರ್ 1ರಿಂದ, ಅಂದ್ರೆ 1973ರ ಮಾಡೆಲಿನಿಂದ, ಗಂಟೆಗೆ 5 ಮೈಲಿ ವೇಗದಲ್ಲಿ ಮುಂದಿನಿಂದ ಗುದ್ದಿದ್ರೂ ಹೆಡ್‌ಲೈಟ್, ಬ್ರೇಕ್, ಇಂಧನ ವ್ಯವಸ್ಥೆಯಂಥ ಸುರಕ್ಷತೆಯ ಭಾಗಗಳಿಗೆ ಪೆಟ್ಟಾಗಬಾರದು. ಹಿಂದಕ್ಕೆ 2.5 ಮೈಲಿ. 1974ರಿಂದ ಹಿಂದಕ್ಕೂ 5 ಮೈಲಿ. 73ರಲ್ಲಿ ಕಮಾರೊದವರು ಅದೇ ಮುಖ ಇಟ್ಟುಕೊಂಡು ಬಂಪರ್ ಹಿಂದೆ ಬಲವಾದ ಆಸರೆ ಕೊಟ್ಟು ಹೇಗೋ ದಾಟಿಕೊಂಡರು. 74ಕ್ಕೆ ಆ ಆಟ ನಡೀಲಿಲ್ಲ. ಸ್ಪ್ಲಿಟ್ ಬಂಪರ್ ಆರ್‌ಎಸ್ಸೂ ಅಲ್ಲಿಗೇ ಮುಗೀತು.

ಇದರ ಜೊತೆ ಒಂದು ಹೊಟ್ಟೆ ಉರಿಯೋ ಕತೆ. 1972ರಲ್ಲಿ ನಾರ್‌ವುಡ್ ಕಾರ್ಖಾನೆಯಲ್ಲಿ 174 ದಿನದ ಮುಷ್ಕರ. ಅರ್ಧ ಜೋಡಿಸಿದ ಕಮಾರೊ, ಫೈರ್‌ಬರ್ಡ್‌ಗಳು ಲೈನಿನ ಮೇಲೇ ನಿಂತುಹೋದವು. ಮುಷ್ಕರ ಮುಗಿಯೋಷ್ಟರಲ್ಲಿ 73ರ ನಿಯಮ ಜಾರಿಗೆ ಬಂದಿತ್ತು. 72ರ ಬಂಪರ್ ಇದ್ದ ಆ ಕಾರುಗಳನ್ನು ಮಾರೋ ಹಾಗಿರಲಿಲ್ಲ. ಸುಮಾರು 1,100 ಕಾರು ಗುಜರಿಗೆ ಹೋದವು, ಕೆಲವು ತಾಂತ್ರಿಕ ಶಾಲೆಗಳಿಗೆ ದಾನ ಹೋದವು.

ಕುಡ್ಲ ಕಾರ್ಬ್ಯುರೇಟರ್:
ಗುಜರಿಗಾ! ದೇವಾ.

ಮಸ್ಟಾಂಗ್ ಮಾವ:
ಅದೇ 73ಕ್ಕೆ ಫೋರ್ಡ್ ಏನ್ ಮಾಡ್ತು ಗೊತ್ತಾ? ಮಸ್ಟಾಂಗಿಗೆ ಇಡೀ ಮುಂದಿನ ಬಂಪರ್ ಕಾರಿನ ಬಣ್ಣದ ಯುರೆಥೇನ್. 71, 72ರಲ್ಲಿ ಸಾದಾ ಮಸ್ಟಾಂಗಿಗೆ ಮುಂದೆ ಕ್ರೋಮ್, ಮ್ಯಾಕ್ 1 ಅನ್ನೋ ಮಸ್ಟಾಂಗಿಗೆ ಬಣ್ಣದ್ದು. 73ರಲ್ಲಿ ಎಲ್ಲಕ್ಕೂ ಬಣ್ಣದ್ದು. ಹಾಗಾಗಿ 72ರ ಮ್ಯಾಕ್ 1 ಅಂತ ಮಾರ್ತಿದ್ದು ಮುಂದೆ ಕ್ರೋಮ್ ಕಂಡ್ರೆ ಪ್ರಶ್ನೆ ಕೇಳಿ.

ಫೋರ್ಡಿನ ನಂಬರ್ ಓದೋದೂ ಸುಲಭ. ಸಿ9ಝೀಝೀ-17757 ಅಂತ ಇದ್ರೆ: ಸಿ ಅಂದ್ರೆ 60ರ ದಶಕ, 9 ಅಂದ್ರೆ 1969, ಮೊದಲ ಝೀ ಮಸ್ಟಾಂಗ್, ಎರಡನೇದು ಸರ್ವಿಸ್ ಭಾಗ ಅಂತ. 17757 ಅಂದ್ರೆ ಮುಂದಿನ ಬಂಪರ್. ಹಿಂದಿನದಕ್ಕೆ 17906. 70ರ ದಶಕದ್ದಾದ್ರೆ ಡಿ ಇಂದ ಶುರು.

ಸುಮ್ನೆ ಓದೋನು:
ಹಾಗಾದ್ರೆ ಸಿ9 ಅಂತಿರೋದು 1970ರ ಕಾರಲ್ಲಿದ್ರೆ ಬದಲಿ ಹಾಕಿದ್ದು ಅಂತ ಅರ್ಥ?

ಮಸ್ಟಾಂಗ್ ಮಾವ:
ಅಲ್ಲಪ್ಪ. ಆ ವರ್ಷ ಭಾಗ ವಿನ್ಯಾಸ ಆದ ವರ್ಷ. 69ಕ್ಕೂ 70ಕ್ಕೂ ಮುಂದಿನ ಬಂಪರ್ ಒಂದೇ. 65-66 ಒಂದು ಜೋಡಿ, 67-68 ಒಂದು ಜೋಡಿ, 69-70 ಒಂದು ಜೋಡಿ. ನೆನಪಿಟ್ಟುಕೊಳ್ಳೋಕೂ ಸುಲಭ.

ಧಾರವಾಡ ಡಾಜ್:
ಡಾಜ್ ಚಾರ್ಜರ್‌ನ್ಯಾಗ ಹಂಗ ಜೋಡಿ ಲೆಕ್ಕಾ ನಡೆಂಗಿಲ್ಲ. 68, 69 ಮುಂದಿನ ಬಂಪರ್ ಒಂದ. 70ಕ್ಕ ಗ್ರಿಲ್ ಸುತ್ತ ಪೂರಾ ಕ್ರೋಮ್ ಬಳಿ ಹಾಕಿಬಿಟ್ರು. 70ರ ಬಂಪರ್ ತಂದು 69ಕ್ಕ ಹಿಡಿದು ನೋಡ್ರಿ, ಎಲ್ಲೂ ಕೂಡಂಗಿಲ್ಲ. ಆದ್ರೂ ಆನ್‌ಲೈನ್‌ನ್ಯಾಗ "68-70 ಚಾರ್ಜರ್ ಫ್ರಂಟ್ ಬಂಪರ್" ಅಂತ ಹಾಕಿ ಮಾರಾವ್ರು ಅದಾರ. ನಾ ಒಬ್ಬರ ಕಡೆ ತರಿಸಿ, ವಾಪಸ್ ಕಳಸೂ ಖರ್ಚ ಬಂಪರಿಗಿಂತ ಜಾಸ್ತಿ ಆಗತದ ಅಂತ ತಿಳದು ಗ್ಯಾರೇಜಿನ ಗ್ವಾಡಿಗೆ ನೇತಹಾಕೇನಿ.

ಮಂಡ್ಯ ವಿ8:
ಗೋಡೆಗೆ ಒಳ್ಳೆ ಅಲಂಕಾರ ಬುಡಿ ಸರ್.

ಶೆವರ್ಲೆದೇ ಇನ್ನೊಂದ್ ಕಾರು ಶೆವೆಲ್ ತಗೊಳೋರ್ಗೂ ಒಂದ್ ಮಾತು. 1970ರ ಮುಂದಿನ ಬಂಪರ್ ಒಳ್ಗೆ ಪಾರ್ಕಿಂಗ್ ಲೈಟಿಗೆ ಕಿಂಡಿ ಇರ್ತದೆ. 71-72ರಲ್ಲಿ ಆ ಲೈಟು ಫೆಂಡರ್ ಮೂಲೆಗ್ ಓಯ್ತು, ಬಂಪರಲ್ಲಿ ಕಿಂಡಿ ಇಲ್ಲ. ಇಂದಿನ ಬಂಪರ್ 70ರಲ್ಲಿ ಉದ್ದುದ್ದ ಟೇಲ್ ಲೈಟು, 71-72ರಲ್ಲಿ ಜೋಡಿ ಜೋಡಿ ದುಂಡ್ ಲೈಟು. ಕಣ್ ಮುಚ್ಕೊಂಡ್ ಕೈಯಾಡ್ಸಿದ್ರೂ ಗೊತ್ತಾಯ್ತದೆ. ಎಲ್ ಕಮಿನೋ, ವ್ಯಾಗನ್‌ದು ಇಂದಿನ ಬಂಪರ್ ಕೂಪೆಗೆ ಕೂರಕಿಲ್ಲ, ಅಗ್ಗಕ್ ಸಿಕ್ತು ಅಂತ ತಗೋಬ್ಯಾಡಿ.

ಕ್ರೋಮ್ ಭಟ್ಟ:
70ರ ಎಸ್‌ಎಸ್ ಶೆವೆಲ್‌ನಲ್ಲಿ ಹಿಂದಿನ ಬಂಪರ್ ಮಧ್ಯೆ ಕಪ್ಪು ಪ್ಯಾಡ್, ಅದರ ಮೇಲೆ ಎಸ್‌ಎಸ್ ಲಾಂಛನ. ಆ ಪ್ಯಾಡ್ ಆನ್‌ಲೈನಲ್ಲಿ ಹೊಸದಾಗಿ ಸಿಗುತ್ತೆ. ಹಾಗಾಗಿ ಪ್ಯಾಡ್ ಇದೆ ಅಂತ ಎಸ್‌ಎಸ್ ಬೆಲೆ ಕೊಟ್ಟೀರಿ ಜೋಕೆ!

ಯಾವ ಭಾಗ ಯಾವ ವರ್ಷಕ್ಕೆ ಕೂರುತ್ತೆ ಅನ್ನೋದಕ್ಕೆ ಗುಜರಿಯವರು ಹಾಲಂಡರ್ ಇಂಟರ್‌ಚೇಂಜ್ ಪುಸ್ತಕ ನೋಡ್ತಾರೆ. ಹಳೇ ಪ್ರತಿ ಸಿಕ್ಕರೆ ಬಿಡಬೇಡಿ. ಮಾರೋರ ಜಾಹೀರಾತಿಗಿಂತ ಅದು ನಂಬಿಕಸ್ಥ.

ಜೆಸಿ ರೋಡ್ ಹುಡುಗ:
ಬೆಂಗಳೂರಿಂದ ಸುಮ್ನೆ ಓದ್ತಿದ್ದೆ ಸರ್, ಹೊಟ್ಟೆಕಿಚ್ಚಾಗ್ತಿದೆ. ನಮ್ಮಲ್ಲಿ ಕಾಂಟೆಸ್ಸಾನೇ ಮಸಲ್ ಕಾರು 😅 ಅಂಬಾಸಿಡರ್ ಬಂಪರಿಗೆ ನಿಕಲ್ ಹೊಡೆಸೋಕೆ ನಮ್ಮಪ್ಪ ಜೆಸಿ ರೋಡ್ ಗಲ್ಲಿಲಿ ಕರ್ಕೊಂಡು ಹೋಗ್ತಿದ್ರು. ಬಿಸಿ ಬಿಸಿ ತೊಟ್ಟಿ, ಕಣ್ಣುರಿಯೋ ಹೊಗೆ, ಕೆಲಸದ ಹುಡುಗರ ಕೈ ಹಳದಿ. ಈಗ ಆ ಅಂಗಡಿ ಇಲ್ಲ.

ಬೇ ಏರಿಯಾ ಅಕ್ಕ:
ಅದೇ ಹೊಗೆಗೇ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದಿರೋದು. ಕ್ರೋಮ್ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತೆ. 2023ರಲ್ಲಿ ಇಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ತೀರ್ಮಾನ ಮಾಡಿತು: ಅಲಂಕಾರದ ಪ್ಲೇಟಿಂಗಿಗೆ ಅದನ್ನು 2027ರಿಂದ ನಿಲ್ಲಿಸಬೇಕು, ಕೆಲವು ಷರತ್ತು ಪೂರೈಸಿದವರಿಗೆ 2030ರವರೆಗೆ ಅವಕಾಶ. ಟ್ರೈವೇಲೆಂಟ್ ಕ್ರೋಮಿಯಂ ಬಳಸಬಹುದು, ಆದ್ರೆ ಅದರ ಬಣ್ಣ ಸ್ವಲ್ಪ ಗಾಢ. ಹಳೇ ಕಾರಿನವರು ಒಪ್ಪಲ್ಲ, ಪಕ್ಕದ ಭಾಗಕ್ಕೆ ಹೊಂದಲ್ಲ ಅಂತ ಜಗಳ.

ಮಂಡ್ಯ ವಿ8:
ಅದೇ ಅಕ್ಕ, ಸರ್ಕಾರದೋರ್ಗೆ ನಮ್ ಬಂಪರೇ ಕಣ್ಗೆ ಬೀಳೋದು. ಎಷ್ಟ್ ಜನ ಬಂಪರ್ ಮಾಡಿಸ್ತಾರೆ ವರ್ಸಕ್ಕೆ?

ಬೇ ಏರಿಯಾ ಅಕ್ಕ:
ಬಂಪರ್ ಮಾಡಿಸೋರು ಕಮ್ಮಿ ಇರಬಹುದು, ಆ ಅಂಗಡಿ ಪಕ್ಕ ಮನೆ ಇರೋರು ಕಮ್ಮಿ ಇಲ್ಲ. ಅಲ್ಲಿ ಮಕ್ಕಳ ಸ್ಕೂಲ್ ಇರುತ್ತೆ. ಹೊಳಪು ನನಗೂ ಇಷ್ಟ, ಆದ್ರೆ ತೊಟ್ಟಿ ಪಕ್ಕ ನಿಂತು ನೋಡಿದೋರು ಈ ಮಾತು ಆಡಲ್ಲ.

ಮಂಡ್ಯ ವಿ8:
ಆಯ್ತಕ್ಕ, ಆ ವಿಷ್ಯಕ್ಕೆ ನಾನ್ ಬರಕಿಲ್ಲ.

ಕುಡ್ಲ ಕಾರ್ಬ್ಯುರೇಟರ್:
ಬಂಪರ್ ಮತ್ತೆ ಕ್ರೋಮ್ ಮಾಡಿಸುವವರು ಖರ್ಚು ಕೇಳಿಕೊಂಡು ಕೂತ್ಕೊಳ್ಳಿ. ನನ್ನ ಇಡೀ ಅಗಲದ ಬಂಪರಿಗೆ ಸಾವಿರ ಡಾಲರ್ ದಾಟಿತು. ಹಳೇದು ಕಿತ್ತು, ಡೊಂಕು ತೆಗೆದು, ತುಕ್ಕಿನ ಗುಳಿಗಳಿಗೆ ತಾಮ್ರ ತುಂಬಿ ಉಜ್ಜಿ, ಮತ್ತೆ ತಾಮ್ರ, ಮತ್ತೆ ಉಜ್ಜು. ಹಣ ಹೋಗುವುದು ಅಲ್ಲಿ, ಕ್ರೋಮಿಗಲ್ಲ. ತೈವಾನಿನ ರೀಪ್ರೊ ಅದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ. ಆದ್ರೆ ಕೂರಿಸುವಾಗ ಎಡಗಡೆ ಬೆರಳು ಹೋಗುವಷ್ಟು ಸಂದಿ, ಬಲಗಡೆ ಫೆಂಡರಿಗೆ ತಾಗುತ್ತದೆ. ಶಿಮ್ (ತೆಳು ತಗಡಿನ ತುಂಡು) ಹಾಕಿ ಹಾಕಿ ಸಾಕಾಗ್ತದೆ.

ಕ್ರೋಮ್ ಭಟ್ಟ:
ತುಕ್ಕು ಹಿಡಿದಿದ್ರೂ ಅಸಲಿ ಬಂಪರ್ ಎಸೀಬೇಡಿ ಅನ್ನೋದು ಅದಕ್ಕೇ. ಕೆಲವು ಪ್ಲೇಟಿಂಗ್ ಅಂಗಡಿಯವರು ಅದನ್ನ ಕೋರ್, ಅಂದ್ರೆ ಬದಲಿಗೆ ಕೊಡೋ ಹಳೇ ಬಂಪರ್, ಅಂತ ತಗೊಂಡು ಸಿದ್ಧ ಇರೋದನ್ನ ಕೊಡ್ತಾರೆ. ಆಗ ಒಂದು ಎಚ್ಚರ, ನೀವು ಕೊಟ್ಟಿದ್ದು ದಪ್ಪ ಅಸಲಿ, ವಾಪಸ್ ಬಂದಿದ್ದು ಗುಂಡಿ ತುಂಬಿದ ಇನ್ಯಾರದೋ ಬಂಪರ್ ಆಗಿರಬಹುದು. ನಿಮ್ಮದೇ ಬೇಕು ಅಂದ್ರೆ ಒಳಮೈಗೆ ಗುರುತು ಕೊರೆದು ಕಳಿಸಿ.

ಸುಮ್ನೆ ಓದೋನು:
ಕಾರ್ವೆಟ್‌ಗೂ ಇದೇ ಲೆಕ್ಕಾನಾ?

ಮಸ್ಟಾಂಗ್ ಮಾವ:
ಕಾರ್ವೆಟ್ ಮಸಲ್ ಕಾರಲ್ಲ, ಸ್ಪೋರ್ಟ್ಸ್ ಕಾರು.

ಧಾರವಾಡ ಡಾಜ್:
ಹಂಗಂದ್ರ ಮಸ್ಟಾಂಗೂ ಮಸಲ್ ಕಾರಲ್ರಿ, ಪೋನಿ ಕಾರು. ಮಾವಾರು ಹೊರಗ ನಡೀರಿ 😁

ಕ್ರೋಮ್ ಭಟ್ಟ:
ಆ ಜಗಳಕ್ಕೆ ಬೇರೆ ಚರ್ಚೆ ತೆರೀರಿ. ಕಾರ್ವೆಟ್ ಸುಲಭ: 68ರಿಂದ 72 ಎರಡೂ ಕಡೆ ಕ್ರೋಮ್. 73 ಮುಂದೆ ಯುರೆಥೇನ್, ಹಿಂದೆ ಕ್ರೋಮ್, ಅದೊಂದೇ ವರ್ಷ ಹಾಗೆ. 74 ಎರಡೂ ಕಡೆ ಯುರೆಥೇನ್, ಹಿಂದಿನದು ಮಧ್ಯೆ ಸೀಳಿರೋ ಎರಡು ತುಂಡು. 75ರಿಂದ ಒಂದೇ ತುಂಡು. ಹಿಂದೆ ಆ ಗೆರೆ ಕಂಡ್ರೆ 74.

ಬಣ್ಣದ ಬಂಪರ್ ಕಾನೂನಿಂದ ಹುಟ್ಟಿದ್ದು ಅಂತ ಬಹಳ ಜನ ಅಂದ್ಕೊಂಡಿದಾರೆ, ತಪ್ಪು. 1968ರ ಜಿಟಿಒಗೇ ಪಾಂಟಿಯಾಕ್‌ನವರು ಎಂಡ್ಯುರಾ ಅನ್ನೋ ಕಾರಿನ ಬಣ್ಣದ ಮೆತ್ತನೆ ಮೂತಿ ಕೊಟ್ಟಿದ್ರು, ಟಿವಿ ಜಾಹೀರಾತಿನಲ್ಲಿ ಹೊಡೆದು ಏನೂ ಆಗಲ್ಲ ಅಂತ ತೋರಿಸಿದ್ರು. ಅದು ಬೇಡ ಅನ್ನೋರಿಗೆ ಆ ವರ್ಷ ಎಂಡ್ಯುರಾ ಡಿಲೀಟ್ ಅಂತ ಆಪ್ಷನ್, ಲೆಮ್ಯಾನ್ಸ್‌ನ ಕ್ರೋಮ್ ಬಂಪರ್ ಹಾಕಿ ಕೊಡ್ತಿದ್ರು. ಹಾಗಾಗಿ ಕ್ರೋಮ್ ಮೂತಿಯ 68ರ ಜಿಟಿಒ ಕಂಡ ಕೂಡಲೇ ನಕಲಿ ಅನ್ನಬೇಡಿ. 69ರ ಕಮಾರೊಗೂ ವಿಇ3 ಅಂತ ಬಣ್ಣದ ಮುಂದಿನ ಬಂಪರ್ ಇತ್ತು.

ನಿರ್ವಾಹಕ:
ಮಸಲ್ಲೋ ಪೋನಿಯೋ ಅನ್ನೋ ಉಪಚರ್ಚೆಯ ಹದಿನಾಲ್ಕು ಉತ್ತರ ಬೇರೆ ಕಡೆ ಸರಿಸಿದ್ದೇನೆ. ಇಲ್ಲಿ ಬಂಪರ್ ಬಗ್ಗೆ ಮಾತ್ರ, ದಯವಿಟ್ಟು.

ನೋವೈ ಗ್ಯಾರೇಜ್:
ಶನಿವಾರ ಹೋಗಿ ಬಂದೆ. ನೀವು ಹೇಳಿದ್ದೆಲ್ಲ ಬರ್ಕೊಂಡು ಹೋಗಿದ್ದೆ.

ವೈಪರ್ ಗಾಜಿನ ಮೇಲೇ ಇದೆ, ಅಡಗಿಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ರೆ, ಎಡಗಡೆ ಪಾರ್ಕಿಂಗ್ ಲೈಟಿನ ಹಿಂದೆ ಎರಡು ನೀಲಿ ಕ್ರಿಂಪ್. ಅಲ್ಲಿಂದ ಹೊಸ ಕೆಂಪು ವಯರು ಹೆಡ್‌ಲೈಟ್ ಕಡೆ ಹೋಗಿದೆ. ಕೆಳಗಡೆ ಹಳೇ ಸಾಕೆಟ್ ಒಂದಕ್ಕೆ ಟೇಪ್ ಸುತ್ತಿ, ಜಿಪ್ ಟೈ ಹಾಕಿ ರೇಡಿಯೇಟರ್ ಸಪೋರ್ಟಿಗೆ ಕಟ್ಟಿದಾರೆ. ಟೇಪ್ ಅಂಟು ಇನ್ನೂ ಮೆತ್ತಗಿದೆ. ಮೂತಿಯ ಒಳಮೈ ಕಡು ಹಸಿರು, ಕಾರಿನ ಫೈರ್‌ವಾಲ್ (ಇಂಜಿನ್ ಹಿಂದಿನ ತಗಡು) ಬಿಳಿ. ಬಲಗಡೆ ಹಳದಿ ತುಂಡಿನ ಬೆನ್ನಲ್ಲಿ ಅಕ್ಕ ಹೇಳಿದ ಹಾಗೇ ಬೋಲ್ಟ್ ಸುತ್ತ ತುಕ್ಕಿನ ಉಂಗುರ. ಎಡಗಡೆದು ಬೆನ್ನೂ ಹೊಸದು.

ಕುಡ್ಲ ಕಾರ್ಬ್ಯುರೇಟರ್:
ಹಸಿರು ಕಾರಿನ ಮೂತಿ ಬಿಳಿ ಕಾರಿಗೆ. ಹೇಳಿದೆನಲ್ಲ, ಒಳಗೆ ಹೊಡೆಯುವುದಿಲ್ಲ!

ಮಂಡ್ಯ ವಿ8:
ಬುಟ್ಬುಡಿ ಆ ಕಾರ.

ಬೇ ಏರಿಯಾ ಅಕ್ಕ:
ಯಾಕೆ ಬಿಡಬೇಕು? ಮೂತಿ ಬೇರೆ ಕಾರಿಂದು ಅಂದ ಮಾತ್ರಕ್ಕೆ ಕಾರು ಕೆಟ್ಟದಾಗಲ್ಲ. ನೆಲ, ಸಬ್‌ಫ್ರೇಮ್, ಹಿಂದಿನ ಗಾಜಿನ ಕೆಳಗಿನ ತಗಡು ಹೇಗಿದೆ? ಅದು ಚೆನ್ನಾಗಿದ್ರೆ ಸಾದಾ ಕಮಾರೊ ಬೆಲೆಗೆ ಕೇಳಿ. ಮಾರೋರಿಗೆ ಗೊತ್ತಿರಲಿಕ್ಕೂ ಇಲ್ಲ, ಅವರೂ ಆರ್‌ಎಸ್ ಅಂತಲೇ ಯಾರ ಹತ್ರನೋ ತಗೊಂಡಿರಬಹುದು.

ನೋವೈ ಗ್ಯಾರೇಜ್:
ನೆಲ ಗಟ್ಟಿ ಇದೆ ಅಕ್ಕ. ಗಾಜಿನ ಕೆಳಗೆ ಸ್ವಲ್ಪ ತುಕ್ಕು. ಕ್ರಿಂಪ್ ಫೋಟೋ ತೋರಿಸಿದೆ, ಮನುಷ್ಯ ಸುಮ್ಮನಾದ. ಸಾದಾ ಕಾರಿನ ಲೆಕ್ಕದಲ್ಲಿ ಒಂದು ಬೆಲೆ ಹೇಳಿ ಬಂದಿದೀನಿ, ಯೋಚ್ನೆ ಮಾಡಿ ಫೋನ್ ಮಾಡ್ತೀನಿ ಅಂದಿದಾನೆ. ಸಿಕ್ಕರೆ ಮೂತಿ ಹಾಗೇ ಇಟ್ಕೊಳ್ಳೋದಾ, ಇಡೀ ಬಂಪರ್ ಹಾಕಿ ಮೊದಲಿದ್ದ ಹಾಗೆ ಮಾಡೋದಾ?

ಕ್ರೋಮ್ ಭಟ್ಟ:
ಮೊದಲಿದ್ದ ಹಾಗೆ ಮಾಡಿ. ನಾಳೆ ಮಾರುವಾಗ ಯಾರಿಗೂ ಉತ್ತರ ಕೊಡಬೇಕಾಗಲ್ಲ.

ಕುಡ್ಲ ಕಾರ್ಬ್ಯುರೇಟರ್:
ಛೆ, ಸ್ಪ್ಲಿಟ್ ಬಂಪರಿನಷ್ಟು ಚಂದದ ಮುಖ ಆ ಕಂಪನಿ ಮತ್ತೆ ಮಾಡಲೇ ಇಲ್ಲ. ಇಟ್ಟುಕೊಳ್ಳಿ ಮಾರಾಯ್ರೆ, ಮಾರುವಾಗ ನಿಜ ಹೇಳಿ ಮಾರಿ. ವಯರಿಂಗ್ ಮಾತ್ರ ಸರಿಯಾದ ಹಾರ್ನೆಸ್ ಹಾಕಿಸಿ, ಆ ಕ್ರಿಂಪ್ ಮಳೆಗೆ ಒಂದಿನ ಕೈಕೊಡ್ತದೆ.

ಧಾರವಾಡ ಡಾಜ್:
ನನ್ನ ಮಾತ ಕೇಳಿದ್ರ, ಕಾರ ಮನಿಗೆ ಬಂದ ಮ್ಯಾಲೆ ಈ ಜಗಳಾ ಮಾಡ್ರಿ. ಇನ್ನೂ ಫೋನ ಬಂದಿಲ್ಲ.

ಮಂಡ್ಯ ವಿ8:
ನೋವೈ ಅಣ್ಣ, ಇಡೀ ಬಂಪರ್ ಬೇಕು ಅಂದ್ರೆ ನನ್ ಸ್ಟೋರೇಜಲ್ಲಿ ಒಂದದೆ, 71ರದ್ದೇ, ಅಸಲಿ, ಬ್ರಾಕೆಟ್ ಸಮೇತ. ಬಲಗಡೆ ಮೂಲೆ ಒಸಿ ಒಳಿಕ್ಕೆ ಮಡ್ಚದೆ. ಮೆಸೇಜ್ ಮಾಡು, ಫೋಟೋ ಕಳಿಸ್ತೀನಿ.

ಕ್ರೋಮ್ ಭಟ್ಟ:
ಬಂಪರ್ ಗಾರ್ಡ್ (ಬಂಪರ್ ಮೇಲೆ ಕೂರಿಸೋ ರಕ್ಷಣೆಯ ತುಂಡು) ಹಾಕೋ ತೂತು ಇದ್ಯಾ ಇಲ್ವಾ ಅಂತ ಮೊದಲು ಹೇಳು ವಿ8. ತೂತು ಇರೋದಾದ್ರೆ ಗಾರ್ಡ್ ಬೇರೆ ಹುಡುಕಬೇಕಾಗುತ್ತೆ ಪಾಪ ಅವರು.

ಮಂಡ್ಯ ವಿ8:
ಇರಿ ಭಟ್ರೆ, ಬೀಗದ್ ಕೈ ಹುಡುಕ್ತಿದೀನಿ.